ಹೂಂ ಹೇಳದ ಪರದೆ

ಫಳ್ನೀರಿನ ಕ್ಲಿನಿಕ್ಕಿನ ಟೋಕನ್ ಪರದೆಗೆ ನಂಬರ್ ಕಳಿಸುವ ಪ್ರೋಗ್ರಾಂ ನನ್ನದು. ಪರದೆ ಸಂಪರ್ಕ ಮುಚ್ಚಿದರೆ ಸೊನ್ನೆ ಬೈಟ್, ಅಂದರೆ ಮುಗಿಯಿತೆಂಬ ಸೂಚನೆ, ಬಂದು ಗೊತ್ತಾಗುತ್ತದೆ ಎಂದುಕೊಂಡಿದ್ದೆ. ಯಾರೋ ಕೇಬಲ್ಲನ್ನೇ ಕಿತ್ತಾಗ ಏನೂ ಬರಲಿಲ್ಲ. ಪರದೆ ಹಳೆಯ ನಂಬರಿನಲ್ಲೇ ನಿಂತಿತು, ನಂಬರ್ ಕಳಿಸುವ ಸರ್ವರ್ ಮಾತ್ರ ಸಂಪರ್ಕ ಉಂಟೆಂದೇ ನಂಬಿತ್ತು. ಸಂಜೆಯೊಳಗೆ ಸರಿಯಾಗದಿದ್ದರೆ ಪರದೆ ತೆಗೆಸುತ್ತೇನೆ ಎಂದರು ಡಾಕ್ಟರಮ್ಮ.

ಆಗ ಅಮ್ಮನ ಫೋನ್ ಬಂತು. ಕೋಡ್ ನೋಡುತ್ತಾ ಸುಮ್ಮನಿದ್ದೆ.

"ಎಂತ ಮಾರಾಯ, ಹೂಂ ಆದರೂ ಹೇಳು! ನೀನು ಇದ್ದೀಯೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಫೋನ್ ಇಷ್ಟು ಸರಿಯಾದ ಹೊತ್ತಿಗೇ ಬಂತೋ, ನಾನೇ ನೆನಪಿನಲ್ಲಿ ಹಾಗೆ ಜೋಡಿಸಿಕೊಂಡೆನೋ, ಈಗ ನನಗೂ ಅನುಮಾನವೇ. ಬೈಗುಳ ಮಾತ್ರ ಖಂಡಿತ ಅವಳದೇ.

ಪರದೆಗೂ ಆಗಾಗ ಹೂಂ ಹೇಳಲು ಕಲಿಸಿದೆ. ಹೇಳದಿದ್ದರೆ ಕೌಂಟರಿನಲ್ಲಿ ಬೆಲ್ ಆಗುತ್ತದೆ. ಸಂಜೆ ಡಾಕ್ಟರಮ್ಮ ತಾವೇ ಕೇಬಲ್ ಕಿತ್ತರು, ಬೆಲ್ ಆಯಿತು.

"ಇನ್ನೊಮ್ಮೆ ಕೀಳಲಾ?" ಎಂದು ಕೇಳಿದರು, ನಗುತ್ತಾ.