ಚಿಕ್ಕಬೀರಮ್ಮನೂ ಗಂಡ ಸಾಕಿದ ಹುಂಜವೂ

ಚಿಕ್ಕಬೀರಮ್ಮ ಹುಟ್ಟಿದ್ದು ಮಿರ್ಲೆಯಲ್ಲಿ, ನಾಲೆ ನೀರಿನ ಗದ್ದೆ ಬಯಲಿನ ಮಗ್ಗುಲಲ್ಲಿ. ಮದುವೆಯಾಗಿ ಬಂದದ್ದು ಹೆಗ್ಗಡದೇವನಕೋಟೆ ಕಡೆಯ ಮಳೆಯನ್ನೇ ನಂಬಿದ ಒಂದು ಬೆದ್ದಲು ಊರಿಗೆ. ತವರಿನಿಂದ ತಂದದ್ದರಲ್ಲಿ ಕಡೆತನಕ ಉಳಿದದ್ದು ಕೋಳಿ ಸಾಕುವ ಕೈಗುಣ ಒಂದೇ. ಯಾವ ಹೇಂಟೆ ಕಾವಿಗೆ ಕೂತೀತು, ಯಾವುದು ನಡುವೆಯೇ ಮೊಟ್ಟೆ ಬಿಟ್ಟು ಎದ್ದು ಹೋದೀತು ಎಂದು ನೋಡಿದರೇ ಹೇಳಿಬಿಡುತ್ತಿದ್ದಳು. ಮೊಟ್ಟೆ ಕಾವಿಗಿಡುವ ಮುಂಚೆ ಬೀದಿಯ ಹೆಂಗಸರು ಅವಳನ್ನು ಒಂದು ಮಾತು ಕೇಳುತ್ತಿದ್ದರು. ಅಂಥವಳು ತೊಂಬತ್ತೆಂಟನೇ ಇಸವಿಯ ಸುಮಾರಿಗೆ ತನ್ನ ಹಿತ್ತಲಿಗೆ ತಾನೇ ಹೆದರಿ ಕಾಲಿಡುವ ಹಾಗಾಯಿತು.

ಹಾಗೆ ಮಾಡಿದ್ದು ಒಂದು ಕೆಂಪು ಹುಂಜ. ಅದನ್ನು ಸಾಕಿದವನು ಅವಳ ಗಂಡ ಸಣ್ಣಬೀರಯ್ಯ. ತಾಯಿಕೋಳಿಯನ್ನು ಮುಂಗುಸಿ ಹಿಡಿದಾಗ ಬದುಕಿ ಉಳಿದದ್ದು ಆ ಒಂದೇ ಮರಿ. ಅದಕ್ಕೆ ಅವನು ಅಂಗೈಯಲ್ಲಿ ನುಚ್ಚು ತಿನ್ನಿಸಿದ, ಚಳಿಗೆ ಮಡಿಲಲ್ಲಿ ಇಟ್ಟುಕೊಂಡ. ಕೊಂಚ ಬಲಿತ ಮೇಲೆ ಒಂದು ಆಟ ಕಲಿಸಿದ. ಜಗಲಿಯ ಮೇಲೆ ಕೂತು ಕಾಲು ಚಾಚಿ ಅದರ ಎದೆಗೆ ಮೆಲ್ಲಗೆ ತಳ್ಳುವುದು. ಅದು ಕತ್ತಿನ ಗರಿ ಕೆದರಿ ಕಾಲ ಮೇಲೆ ಹಾರುವುದು.

"ನೋಡಿದ್ಯಾ, ಗಂಡು ಅಂದ್ರೆ ಇಂಗಿರ್ಬೇಕು ಕಣ," ಎಂದು ನಗುತ್ತಿದ್ದ.

ವರ್ಷ ತುಂಬಿ ಕಾಲಿಗೆ ಗಟ್ಟಿ ಮುಳ್ಳು ಬಂದ ಮೇಲೆ ಹುಂಜ ಆಟ ಬಿಟ್ಟು ನಿಜವಾಗಿಯೇ ಹೊಡೆಯತೊಡಗಿತು. ಮುಸುರೆ ಸುರಿಯಲು ಬಗ್ಗಿದ್ದ ಚಿಕ್ಕಬೀರಮ್ಮನ ಮೀನಖಂಡಕ್ಕೆ ಹಿಂದಿನಿಂದ ಬಂದು ಎರಡೂ ಕಾಲಿನಿಂದ ಒದ್ದಿತು. ಸೀರೆ ಹರಿದು ರಕ್ತ ಬಂತು. ಅವತ್ತಿನಿಂದ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಸೌದೆ ಒಟ್ಟಿದ ಕಡೆ, ಎಲ್ಲಿ ಹೋದರೂ ಅದು ಹೊಂಚು ಹಾಕಿಕೊಂಡೇ ಇರುತ್ತಿತ್ತು. ಹೆಂಗಸರು, ಮಕ್ಕಳು, ಕರೆಂಟು ಬಿಲ್ಲಿನವನು, ಯಾರನ್ನೂ ಬಿಡಲಿಲ್ಲ. ಸಣ್ಣಬೀರಯ್ಯನ ತಂಟೆಗೆ ಮಾತ್ರ ಹೋಗುತ್ತಿರಲಿಲ್ಲ. ಅವನು ಬಂದರೆ ಕೊರ್ ಕೊರ್ ಎನ್ನುತ್ತಾ ಕಾಲ ಹತ್ತಿರ ಸುತ್ತುತ್ತಿತ್ತು.

"ನಂಗ್ಯಾಕ್ ಒಡೆಯಾಕಿಲ್ಲ ಅದು? ನೀನೇ ಏನೋ ಕೆಣಕಿರ್ತೀಯ, ಬುಡು," ಎಂದ ಅವನು.

ಗಾಯಕ್ಕಿಂತ ಆ ಮಾತು ಅವಳಿಗೆ ಹೆಚ್ಚು ಉರಿಯಿತು. ಕೋಲು ಹಿಡಿದಳು. ಕೋಲು ಕಂಡರೆ ಅದು ಇನ್ನಷ್ಟು ಕೆರಳಿತು. ನೀರು ಎರಚಿದಳು. ಒದ್ದೆಯಾಗಿ ಹೋಗಿ ಒಣಗಿ ಬಂತು. ಮಂಕರಿ ಕವುಚಿ ಮೇಲೆ ಕಲ್ಲು ಹೇರಿದರೆ, ಗಂಡ ಹೊಲದಿಂದ ಬಂದವನು ಕೈಕಾಲು ತೊಳೆಯುವುದಕ್ಕೂ ಮುಂಚೆ ಕಲ್ಲು ಎತ್ತಿಡುತ್ತಿದ್ದ. "ಪಾಪ, ಉಸಿರು ಕಟ್ಟಲ್ವಾ?" ಅವಳು ಮೀನಖಂಡ ತೋರಿಸಿದರೆ ಅತ್ತ ನೋಡುತ್ತಿರಲಿಲ್ಲ. ಬೀದಿಯವರೂ ನಕ್ಕರು. ಇಷ್ಟು ವರ್ಷ ಕೋಳಿ ಸಾಕಿದವಳು ಒಂದು ಹುಂಜಕ್ಕೆ ಹೆದರಿಕೊಂಡು ಮೊರ ಅಡ್ಡ ಹಿಡಿದು ನಡೆಯುತ್ತಾಳಲ್ಲ ಅಂತ.

ಹೀಗೇ ಎರಡು ವರ್ಷ ಆಗುತ್ತ ಬಂತು. ಮಗಳು ಕಾವ್ಯಶ್ರೀ ಆಗ ನಾಲ್ಕನೇ ಕ್ಲಾಸು. ಒಂದು ದಿನ ಸ್ಕೂಲಿಗೆ ಹೊರಟವಳು ಒಣಹಾಕಿದ ಲಂಗ ತರಲು ಹಿತ್ತಲಿಗೆ ಹೋದಳು. ಕಿರುಚಿದ್ದು ಕೇಳಿ ಚಿಕ್ಕಬೀರಮ್ಮ ಓಡಿ ಹೋಗಿ ನೋಡಿದರೆ ಹುಡುಗಿಯ ಹುಬ್ಬು ಸೀಳಿ ಕೆನ್ನೆಯೆಲ್ಲ ರಕ್ತ. ಕಣ್ಣೇ ಹೋಯಿತು ಅಂದುಕೊಂಡಳು. ಸೆರಗು ಒತ್ತಿ ಹಿಡಿದು ಬಸ್ಸಿನಲ್ಲಿ ಹೆಗ್ಗಡದೇವನಕೋಟೆ ಆಸ್ಪತ್ರೆಗೆ ಕರೆದೊಯ್ದಳು. ಮೂರು ಹೊಲಿಗೆ ಬಿತ್ತು.

ಸಂಜೆ ಮಗಳ ಮುಖ ನೋಡಿ ಸಣ್ಣಬೀರಯ್ಯನ ಮುಖ ಬಿಳಿಚಿತು. ಆದರೆ ಬಾಯಿಗೆ ಬಂದದ್ದು ಬೇರೆ.

"ಮಗೀನ ಯಾಕ್ ಕಳಿಸ್ದೆ ಇತ್ಲಿಗೆ?"

ಎರಡು ದಿನ ಚಿಕ್ಕಬೀರಮ್ಮ ಮುದ್ದೆ ಬಡಿಸಿ ಹೊರಗೆ ಹೋಗಿ ಕೂರುತ್ತಿದ್ದಳು. ಮೂರನೆಯ ದಿನ ಮೇಲಿನ ಬೀದಿಯ ಕುಳ್ಳಮ್ಮನ ಹತ್ತಿರ ಹೋದಳು. ಕುಳ್ಳಮ್ಮನಿಗೆ ಎಪ್ಪತ್ತು ದಾಟಿತ್ತು, ಕೋಳಿ ವಿಚಾರದಲ್ಲಿ ಚಿಕ್ಕಬೀರಮ್ಮ ಯಾರನ್ನಾದರೂ ಕೇಳುವುದಿದ್ದರೆ ಅವಳೊಬ್ಬಳನ್ನೇ. ಎಲ್ಲ ಕೇಳಿ ಮುದುಕಿ ಎಲೆಅಡಿಕೆ ಉಗುಳಿ ಬಂದಳು.

"ಕಾಲು ಅಂದ್ರೆ ಜಗಳಕ್ಕೆ ಬರೋದು ಅಂತ ನಿನ್ ಗಂಡನೇ ಕಲ್ಸವ್ನೆ ಕಣವ್ವ. ನೀನು ಓಡ್ಬ್ಯಾಡ, ಒಡೀಬ್ಯಾಡ. ಓಡಿದ್ರೆ ಗೆದ್ದೆ ಅಂತದೆ, ಒಡೆದ್ರೆ ಇನ್ನೊಂದು ಕೈ ನೋಡೇಬುಡ್ತೀನಿ ಅಂತದೆ. ಇಡ್ಕೊಂಡು ನೆಲಕ್ಕೆ ಅದುಮು, ತಣ್ಣಗಾಗೋಗಂಟ ಬುಡ್ಬ್ಯಾಡ. ಆಮೇಲೆ ಕಂಕುಳಲ್ಲಿ ಇಟ್ಕೊಂಡು ತಿರುಗು, ದಿನಾ."

ಚಿಕ್ಕಬೀರಮ್ಮ ಹಾಗೇ ಮಾಡಿದಳು. ಬೆಳಗಾದರೆ ಹುಂಜವನ್ನು ಹಿಡಿದು ಅದುಮಿ, ಕಂಕುಳಲ್ಲಿಟ್ಟುಕೊಂಡೇ ಕಸ ಗುಡಿಸುವಳು, ಒಲೆ ಹಚ್ಚುವಳು. ಹೊಗೆಸೊಪ್ಪು ಮುರಿಯುವ ಕಾಲ, ಹೊಲದಲ್ಲಿ ಕೈತುಂಬ ಕೆಲಸ. ಅದರ ನಡುವೆ ಇದೊಂದು ಕೂಸು. ದಾರಿಯಲ್ಲಿ ಹೋಗುವವರು "ಏನ್ ಬೀರಮ್ಮ, ಲಾಲಿ ಆಡ್ತಿದ್ದೀಯಾ?" ಅನ್ನುವರು. ಹದಿನೈದು ದಿನಕ್ಕೆ ಅದು ಅವಳ ತಂಟೆ ಬಿಟ್ಟಿತು. ಅವಳದು ಮಾತ್ರ. ಮಗಳು ಹಿತ್ತಲ ಬಾಗಿಲು ದಾಟಿದರೆ ಮತ್ತೆ ಅದೇ ಗರಿ ಕೆದರುವುದು. ಇಷ್ಟು ಪಾಡುಪಟ್ಟು ತಾನೊಬ್ಬಳೇ ಪಾರಾದೆನಲ್ಲ ಎಂದು ಅವಳಿಗೆ ಅಳು ಬಂತು.

ಆಮೇಲೆ ಒಂದು ದಿನ ಬಿಡದೆ ಮಳೆ ಹಿಡಿಯಿತು. ಸಣ್ಣಬೀರಯ್ಯ ಗೋಣಿಚೀಲವನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಂಡು, ಬೀದಿಯ ಕೆಸರು ತಪ್ಪಿಸಲು ಹಿತ್ತಲ ಕಡೆಯಿಂದ ಬಂದ. ಮುಖ ಕಾಣಲಿಲ್ಲ, ನಡೆಯುತ್ತಿದ್ದ ಕಾಲು ಮಾತ್ರ ಕಂಡಿತು. ಸೂರಿನಡಿ ನಿಂತಿದ್ದ ಹುಂಜ ಹಾರಿ ಮೊಣಕಾಲಿಗೇ ಹೊಡೆಯಿತು. ಅವನು ಜಾರಿ ಕೆಸರಿನಲ್ಲಿ ಬಿದ್ದ. ಬಿದ್ದವನ ತೋಳಿಗೂ ಹೊಡೆಯಿತು.

"ಲೇ! ಬಾರೇ ಇಲ್ಲಿ!"

ಅವಳು ಬಂದು ಹುಂಜವನ್ನು ಹಿಡಿದು ಎತ್ತಿಕೊಂಡಳು. ಅವನು ಎದ್ದವನೇ ಒಳಗೆ ಹೋಗಿ ಮಚ್ಚು ತಂದ. "ಕೊಡು ಇತ್ತ. ಈಗ್ಲೇ ಮುಗಿಸ್ತೀನಿ ಇದ್ರ ಕಥೇನ."

ಚಿಕ್ಕಬೀರಮ್ಮ ಕೊಡಲಿಲ್ಲ. ಎರಡು ವರ್ಷದಿಂದ ನುಂಗಿಕೊಂಡದ್ದನ್ನೆಲ್ಲ ಒಂದೇ ಸಲ ಆಡಿಬಿಟ್ಟಳು.

"ನನ್ ಕಾಲು ನೋಡ್ರಿ. ಎಷ್ಟು ಕಲೆ ಐತೆ ಅಂತ ಎಣಿಸ್ರಿ. ಒಂದ್ ದಿನಾನಾದ್ರೂ ನೋಡಿದ್ರಾ? ಮಗಳ ಹುಬ್ಬು ಸೀಳಿದ್ರೂ ನಂದೇ ತಪ್ಪು ಅಂದ್ರಿ. ನಿಮ್ಗೊಂದು ಏಟು ಬಿದ್ದಿದ್ಕೇ ಮಚ್ಚು ಬಂತಾ?"

"ಅದಲ್ಲ ಕಣೇ..."

"ಕುಯ್ಯಿರಿ, ನಾನು ಬ್ಯಾಡ ಅನ್ನಲ್ಲ. ನಿಮ್ಗೆ ಒಡೀತು ಅಂತ ಕುಯ್ಯಬ್ಯಾಡಿ. ಮಗೀಗೆ ಒಡೀತು ಅಂತ ಕುಯ್ಯಿರಿ. ಬಾಯ್ಬುಟ್ಟು ಅಂಗಂತ ಅನ್ನಿ, ಕೊಡ್ತೀನಿ."

ಅವನು ಮಚ್ಚನ್ನು ಸೂರಿಗೆ ಸಿಕ್ಕಿಸಿ, ಗೋಡೆಯ ಕಡೆ ನೋಡಿಕೊಂಡು, "ತಪ್ಪಾಯ್ತು ಬುಡು, ಮಗೀಗೆ ಒಡೆದಾಗ್ಲೇ ಕುಯ್ಯಬೇಕಿತ್ತು," ಎಂದ.

ಭಾನುವಾರ ಹುಂಜವನ್ನು ಕೊಯ್ದರು. ಚಿಕ್ಕಬೀರಮ್ಮ ತಾನೇ ಖಾರ ಅರೆದಳು. ಎಷ್ಟು ಬೇಯಿಸಿದರೂ ಬಾಡು ನಾರಾಗಿಯೇ ಉಳಿಯಿತು. ಸಣ್ಣಬೀರಯ್ಯ ಎರಡು ತುತ್ತು ಉಂಡು ಕೈತೊಳೆದ. ಕಾವ್ಯಶ್ರೀ ಇನ್ನೊಂದು ಸಲ ಹಾಕಿಸಿಕೊಂಡಳು.

ಊರಿನಲ್ಲಿ ಈಗಲೂ ಆ ಹುಂಜದ ಸುದ್ದಿ ಆಡುತ್ತಾರೆ. ಸಾಕಿದ ಯಜಮಾನನನ್ನೇ ಕೆಸರಿಗೆ ಕೆಡವಿದ ಹುಂಜ ಎಂದು ಹೇಳಿ ನಗುತ್ತಾರೆ. ಮಾತು ಅಲ್ಲಿಂದಲೇ ಶುರುವಾಗುತ್ತದೆ, ಅಲ್ಲಿಗೇ ಮುಗಿಯುತ್ತದೆ. ಅದಕ್ಕೂ ಮುಂಚೆ ಎರಡು ವರ್ಷ ಅದು ಯಾರನ್ನು ಹೊಡೆಯುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಆ ಮಾತು ಬಂದಾಗಲೆಲ್ಲ ಚಿಕ್ಕಬೀರಮ್ಮ ಎದ್ದು ಒಳಗೆ ಹೋಗಿಬಿಡುತ್ತಾಳೆ.