ಖಾಲಿ ಅಂಗೈ

ಅಮೆರಿಕದ ರಿಚರ್ಡ್‌ಸನ್ ಊರಿನ ನಮ್ಮ ಭಾನುಮತಿ ಆಂಟಿ ಪಕ್ಕದ ಡಾಲಸ್‌ನ ಪೋಕರ್ ಕ್ಲಬ್ಬೊಂದರಲ್ಲಿ ಇಸ್ಪೀಟೆಲೆ ಹಂಚುವ ಡೀಲರ್. ಮೇಜು ಬಿಟ್ಟೇಳುವ ಡೀಲರ್ ಒಮ್ಮೆ ಚಪ್ಪಾಳೆ ತಟ್ಟಿ, ಎರಡೂ ಅಂಗೈ ತಿರುಗಿಸಿ ಮೇಲಿನ ಕ್ಯಾಮೆರಾಕ್ಕೆ ತೋರಿಸಬೇಕು ಎಂಬುದು ಅಲ್ಲಿಯ ನಿಯಮ. ಇಲ್ಲಿಂದ ಏನನ್ನೂ ಒಯ್ಯುತ್ತಿಲ್ಲ ಎಂದು ಅದರರ್ಥ. ಆಂಟಿಗೆ ಇದು ಎಷ್ಟು ಮೈಗಂಟಿದೆಯೆಂದರೆ, ಮನೆಯಲ್ಲಿ ಒಲೆ ಆರಿಸಿದರೂ ಚಪ್ಪಾಳೆ ತಟ್ಟಿ ಅಂಗೈ ತೋರಿಸಿಯೇ ಈಚೆ ಬರುತ್ತಾರೆ. ದೇವಸ್ಥಾನದಲ್ಲಿ ಮಂಗಳಾರತಿ ತೆಗೆದುಕೊಂಡ ಮೇಲೂ ಅಷ್ಟೇ. ಪಾಪ, ಅರ್ಚಕರು ತಟ್ಟೆಯ ಡಾಲರುಗಳತ್ತ ಒಮ್ಮೆ ಕಣ್ಣು ಹಾಯಿಸುತ್ತಾರೆ. ಕನ್ನಡ ಸಂಘದ ಊಟದಲ್ಲಿ ಹೋಳಿಗೆ ಬಡಿಸುವುದೂ ಇಸ್ಪೀಟು ಹಂಚಿದ ಹಾಗೆ ಎಡಗಡೆಯಿಂದಲೇ, ತಲೆಗೊಂದರಂತೆ ಎರಡು ಸುತ್ತು. "ಇನ್ನೊಂದು ಹಾಕಿ ಆಂಟಿ" ಎಂದರೆ "ಸುತ್ತು ಮುಗೀತಪ್ಪಾ" ಎಂದು ಖಾಲಿ ಕೈ ತೋರಿಸುತ್ತಾರೆ. ಈ ವರ್ಷ ದೊಡ್ಡದೊಂದು ಪೋಕರ್ ಪಂದ್ಯಾವಳಿ ಮೊದಲ ಬಾರಿಗೆ ಆಫ್ರಿಕಾಕ್ಕೆ ಕಾಲಿಡುತ್ತಿದೆ. ಅಲ್ಲಿಯ ಹೊಸ ಡೀಲರುಗಳಿಗೆ ಕಲಿಸಲು ಒಂದು ವರ್ಷಕ್ಕೆ ಆಂಟಿಯನ್ನು ಕರೆದರು. ಈ ವಯಸ್ಸಿನಲ್ಲಿ ಅಷ್ಟು ದೂರವೇ ಎಂದು ಕೇಳಿದವರಿಗೆ "ಅಲ್ಲೂ ಐವತ್ತೆರಡೇ ಎಲೆ ಕಣ್ರೀ" ಎಂದರು. ವಿಮಾನ ನಿಲ್ದಾಣದಲ್ಲಿ, ತಾವೇ ಎತ್ತಿ ಆಡಿಸಿದ ಮೊಮ್ಮಗಳು ಸಿಯಾಳ ಕೆನ್ನೆ ಸವರಿ, ನೆಟಿಗೆ ಮುರಿದು ದೃಷ್ಟಿ ತೆಗೆದರು. ಇನ್ನೇನು ಚಪ್ಪಾಳೆ ತಟ್ಟುತ್ತಾರೆಂದು, ಬೀಳ್ಕೊಡಲು ಹೋಗಿದ್ದ ನಾವೆಲ್ಲ ಫೋನ್ ಎತ್ತಿ ಹಿಡಿದೆವು. "ಅಜ್ಜೀ, ಶೋ ಯುವರ್ ಹ್ಯಾಂಡ್ಸ್!" ಎಂದು ಸಿಯಾ ಕೂಗಿದಳು. ಆಂಟಿ ಎರಡೂ ಅಂಗೈಗಳನ್ನು ಬಿಗಿಯಾಗಿ ಮುಚ್ಚಿ, ಸ್ವೆಟರಿನ ಜೇಬಿಗಿಳಿಸಿ, ತಿರುಗಿ ನೋಡದೆ ಒಳಗೆ ಹೋದರು.