ದಿಬ್ಬದ ಮೇಲಿನ ಹಳದಿ ಕೆಂಪು

ಟೆಕ್ಸಾಸಿನ ಲಿಟಲ್ ಎಲ್ಮ್‌ನಲ್ಲಿ ಮನೆಗಳಿಗಿಂತ ಖಾಲಿ ಜಾಗವೇ ಹೆಚ್ಚಿದ್ದ ಕಾಲ ಅದು. ಹುಬ್ಬಳ್ಳಿಯಿಂದ ಬಂದು ನಮಗಿನ್ನೂ ವರ್ಷ ತುಂಬಿರಲಿಲ್ಲ. ನಾನು ನಾಲ್ಕನೇ ಕ್ಲಾಸು. ಒಂದು ಶನಿವಾರ ಸಂಜೆ ಕೆರೆ ದಂಡೆಯ ರಸ್ತೆಯಲ್ಲಿ ಹೋಗುವಾಗ ಅಪ್ಪ ಗಕ್ಕನೆ ಬ್ರೇಕ್ ಹಾಕಿದರು. ರಸ್ತೆಯುದ್ದಕ್ಕೂ ಕಂಬಗಳ ಮೇಲೆ ಬಾವುಟಗಳು. ಮೇಲೆ ಹಳದಿ, ಕೆಳಗೆ ಕೆಂಪು.

"ಯಾರೋ ನಮ್ಮವರು ರಾಜ್ಯೋತ್ಸವ ಇಟ್ಕೊಂಡಾರ ನೋಡು," ಎಂದರು ಅಪ್ಪ.

"ಮೇ ತಿಂಗಳದಾಗ ಎಲ್ಲೀ ರಾಜ್ಯೋತ್ಸವರಿ?" ಎಂದಳು ಅವ್ವ.

"ಈ ದೇಶದಾಗ ಹಾಲ್ ಸಿಕ್ಕಾಗ ಹಬ್ಬ. ನೀ ಸುಮ್ನ ಕೂಡು."

ಅವ್ವನ ಮಾತು ಕೇಳುವ ಅಭ್ಯಾಸ ಅಪ್ಪನಿಗೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಕಾರು ನಿಲ್ಲಿಸಿ, ತಲೆ ಬಾಚಿಕೊಂಡು, ನಮ್ಮನ್ನೂ ಇಳಿಸಿದರು. ಗೇಟಿನ ಹತ್ತಿರ ಡ್ರಮ್ ನೇತುಹಾಕಿಕೊಂಡು ಒಬ್ಬ ದಪ್ಪ ಮೀಸೆಯವರು ನಿಂತಿದ್ದರು. ಅಪ್ಪ ಬಾವುಟ ತೋರಿಸಿ ತಮ್ಮ ಇಂಗ್ಲಿಷಿನಲ್ಲಿ, ಇದು ನಮ್ಮದು, ಎಂದರು. ಆ ಮನುಷ್ಯ ಒಂದಿಷ್ಟೂ ತಡಮಾಡದೆ, ನಮ್ಮದೂ ಹೌದು, ಬನ್ನಿ, ಎಂದು ಒಳಗೆ ಕರೆದರು. ಒಳಗೆ ನೋಡಿದರೆ ರಾಜ್ಯೋತ್ಸವವೂ ಇಲ್ಲ, ಬಿಸಿಬೇಳೆಬಾತೂ ಇಲ್ಲ. ಫುಟ್‌ಬಾಲ್ ಮ್ಯಾಚ್ ನಡೆದಿತ್ತು. ಊರಿನ ಪುಟ್ಟ ಕ್ಲಬ್ಬು, ಹೆಸರು ಹೆರನ್ಸ್, ಅಂದರೆ ಕೊಕ್ಕರೆಗಳು.

ಕರೆದವರು ರಾಮೋನ್ ಅಂಕಲ್. ಎಸಿ ರಿಪೇರಿ ಅವರ ಕೆಲಸ. ಕ್ಲಬ್ಬಿನ ಮೊದಲ ಗೋಲ್‌ಕೀಪರ್ ಅವರೇ. ಮೊದಲ ವರ್ಷದ ಅಂಗಿಗಳನ್ನು ಅವರ ಹೆಂಡತಿ ಮನೆಯಲ್ಲೇ ಕೂತು ಹೊಲಿದಿದ್ದರಂತೆ, ಹಳದಿ ಕೆಂಪು ಬಣ್ಣ ಆರಿಸಿದ್ದೂ ಆಕೆಯೇ. ಆಕೆ ತೀರಿಹೋದ ಮೇಲೂ ಅಂಕಲ್ ಒಂದು ಮ್ಯಾಚ್ ತಪ್ಪಿಸಿದವರಲ್ಲ.

ಆ ಬೇಸಿಗೆ ಇಡೀ ನಾವು ಅಲ್ಲೇ ಬಿದ್ದಿದ್ದೆವು. ಗೋಲಿನ ಹಿಂದೆ ಒಂದು ಹುಲ್ಲಿನ ದಿಬ್ಬ ಇತ್ತು, ಅದು ನಮ್ಮ ಜಾಗ. ನಾವು ಮಕ್ಕಳು ಅದರ ಮೇಲಿಂದ ಉರುಳುರುಳಿ ಕೆಳಗೆ ಬಂದು, ಮೈಯೆಲ್ಲ ತುರಿಸಿಕೊಳ್ಳುತ್ತ ಮತ್ತೆ ಹತ್ತುತ್ತಿದ್ದೆವು. ಪಕ್ಕದಲ್ಲಿ ಯಾರೋ ಸುಟ್ಟ ಮೆಕ್ಕೆತೆನೆಗೆ ಖಾರದ ಪುಡಿ, ನಿಂಬೆಹುಳಿ ಹಚ್ಚಿ ಕೊಡುವರು. ಅವ್ವ ದೊಡ್ಡ ಬೋಗುಣಿಯಲ್ಲಿ ಚುರುಮುರಿ ಗಿರ್ಮಿಟ್ ಕಲಸಿ ತರುವಳು. ಹೆಚ್ಚಿದ ಉಳ್ಳಾಗಡ್ಡಿಯ ಘಾಟು, ಬಿಸಿಲಿಗೆ ಹಚ್ಚಿಕೊಂಡ ಕ್ರೀಮಿನ ವಾಸನೆ, ಕೆರೆಯ ಗಾಳಿ, ಎಲ್ಲ ಸೇರಿದರೆ ನನಗೆ ಶನಿವಾರ. ಶಾಲೆಯಲ್ಲಿ ನನ್ನ ಹೆಸರನ್ನು ಸರಿಯಾಗಿ ಕರೆಯುವವರು ಒಬ್ಬರೂ ಇರಲಿಲ್ಲ. ದಿಬ್ಬದ ಮೇಲೆ ಎಲ್ಲರಿಗೂ ನಾನು ಗೊತ್ತಿದ್ದೆ. ಟೆಕ್ಸಾಸ್ ನನಗೆ ಮನೆಯಾದದ್ದು ಅಲ್ಲಿ, ಬೇರೆಲ್ಲೂ ಅಲ್ಲ.

ಮರುವರ್ಷ ಹ್ಯೂಸ್ಟನ್ನಿನ ಒಬ್ಬ ಶ್ರೀಮಂತ ಕ್ಲಬ್ಬನ್ನು ಕೊಂಡ. ಕೊಂಡವನು ಸುಮ್ಮನಿರಬೇಕಲ್ಲ. ಒಂದು ಭಾನುವಾರ ಎಲ್ಲರನ್ನೂ ಮೈದಾನಕ್ಕೆ ಕರೆಸಿ, ಹೆರನ್ಸ್ ಅನ್ನುವುದು ಹಳ್ಳಿ ಹೆಸರು, ಇನ್ನು ಮುಂದೆ ನಾವು ನಾರ್ತ್ ಮೆಟ್ರೋ, ಬಣ್ಣ ಕಪ್ಪು ಮತ್ತು ಬೂದಿ, ಎಂದು ಮೈಕಿನಲ್ಲಿ ಹೇಳಿದ. ಎಲ್ಲರಿಗೂ ಒಂದೊಂದು ಕರಿ ಟೀ ಶರ್ಟ್ ಪುಕ್ಕಟೆ ಹಂಚಿಸಿದ. ಚಪ್ಪಾಳೆ ಬೀಳಲಿಲ್ಲ. ರಾಮೋನ್ ಅಂಕಲ್ ಡ್ರಮ್ಮನ್ನು ಹೆಗಲಿಂದ ಇಳಿಸಿ ಹುಲ್ಲಿನ ಮೇಲಿಟ್ಟರು, ಆ ದಿನ ಮತ್ತೆ ಎತ್ತಿಕೊಳ್ಳಲಿಲ್ಲ. ಆ ಟೀ ಶರ್ಟಿನಲ್ಲಿ ಅಪ್ಪ ಕಾರು ಒರೆಸಿದರು. ಅವ್ವ ತನ್ನದನ್ನು ಒಲೆಯಿಂದ ಪಾತ್ರೆ ಇಳಿಸಲು ಮಸಿ ಅರಿವೆ ಮಾಡಿಕೊಂಡಳು.

ಸೀಸನ್ನಿನ ಮೊದಲ ಮ್ಯಾಚಿಗೆ ಗೇಟಿನ ಮೇಲೆ ಹೊಸ ಬೋರ್ಡು ಬಂತು. ಹಳೇ ಕ್ಲಬ್ಬಿನ ಅಂಗಿ, ಬಾವುಟ, ಏನೂ ಒಳಗೆ ತರುವ ಹಾಗಿಲ್ಲ. ದೇಶ, ರಾಜ್ಯಗಳ ಬಾವುಟ ಮಾತ್ರ ತರಬಹುದು. ರಾಮೋನ್ ಅಂಕಲ್ ತಮ್ಮ ಹಳೇ ಹಳದಿ ಅಂಗಿ ಹಾಕಿಕೊಂಡು ಬಂದಿದ್ದರು. ಅದನ್ನು ತೆಗೆಯಲು ಹೇಳಿದರೆಂದು, ಒಳಗೂ ಹೋಗದೆ ಮನೆಗೂ ಹೋಗದೆ, ಪಾರ್ಕಿಂಗಿನಲ್ಲಿ ತಮ್ಮ ಟ್ರಕ್ಕಿಗೆ ಒರಗಿ ನಿಂತಿದ್ದರು. ಅವರ ಮುಖ ನೋಡಿ ನನಗೆ ಅಳುವೇ ಬಂತು. ಅವ್ವ ಬೋರ್ಡನ್ನು ನನ್ನಿಂದ ಪೂರ್ತಿ ಓದಿಸಿದಳು.

"ರೀ, ಸಂಘದ ಡಬ್ಬಿ ಇನ್ನೂ ಗಾಡ್ಯಾಗ ಐತೇನ್ರಿ?" ಎಂದು ಅಪ್ಪನನ್ನು ಕೇಳಿದಳು.

ಇತ್ತು. ನಮ್ಮ ಕನ್ನಡ ಸಂಘದ ಬಾವುಟಗಳ ಡಬ್ಬಿ ನವೆಂಬರಿನಿಂದ ನಮ್ಮ ಡಿಕ್ಕಿಯಲ್ಲೇ ಇತ್ತು. ತೆಗೆದಿಡ್ರಿ, ತೆಗೆದಿಡ್ರಿ ಎಂದು ಅವ್ವ ಬೈದಿದ್ದಕ್ಕೆ ಲೆಕ್ಕವಿರಲಿಲ್ಲ. ಅಪ್ಪನ ಸೋಮಾರಿತನದಿಂದ ಜಗತ್ತಿಗೆ ಉಪಕಾರವಾದದ್ದು ಅದೊಂದೇ ಸಲ.

ಅವ್ವ ಒಂದು ಬಾವುಟ ಬಿಚ್ಚಿ ಹಿಡಿದು ನೆಟ್ಟಗೆ ಗೇಟಿಗೆ ನಡೆದಳು. ಕರಿ ಅಂಗಿಯ ಹುಡುಗ ಅಡ್ಡ ಬಂದ. ಅವ್ವ ನನ್ನ ಕಡೆ ತಿರುಗಿ, "ಹೇಳ ಅವಂಗ. ಇದು ಅವರ ಕ್ಲಬ್ಬಿಂದಲ್ಲ, ನಮ್ಮ ನಾಡಿಂದು. ನಮ್ಮ ಮಂದಿ ಆರು ಕೋಟಿ ಅದಾರ. ಬೇಕಾದ್ರ ಫೋನಿನಾಗ ನೋಡ್ಕೋ ಅನ್ನು," ಎಂದಳು.

ನಾನು ಹೇಳಿದೆ. ದನಿ ನಡುಗಲಿಲ್ಲ. ಹುಡುಗ ಫೋನಿನಲ್ಲಿ ನೋಡಿದ. ಬಾವುಟ ನೋಡಿದ, ಮತ್ತೆ ಫೋನ್ ನೋಡಿದ. ಯಾರಿಗೋ ವಾಕಿಟಾಕಿಯಲ್ಲಿ ಕೇಳಿದ. ಕೊನೆಗೆ, ಹೋಗಿ ಮೇಡಂ, ಎಂದ.

ರಾಮೋನ್ ಅಂಕಲ್ ಟ್ರಕ್ಕಿನ ಹತ್ತಿರದಿಂದ ಎಲ್ಲ ನೋಡುತ್ತಿದ್ದರು. ಹತ್ತಿರ ಬಂದು, ಇನ್ನೊಂದು ಇದೆಯಾ, ಎಂದು ಮೆಲ್ಲಗೆ ಕೇಳಿದರು. ಹಳದಿ ಅಂಗಿ ತೆಗೆದು ಟ್ರಕ್ಕಿನಲ್ಲಿಟ್ಟು, ಒಳಗಿನ ಬಿಳಿ ಬನಿಯನ್ನಿನ ಮೇಲೆ ನಮ್ಮ ಬಾವುಟ ಹೊದ್ದುಕೊಂಡರು. ಅವರ ಹಿಂದೆ ಸಾಲು ಹತ್ತಿತು. ಅಪ್ಪ ಡಿಕ್ಕಿಯ ಮುಂದೆ ನಿಂತು ಮದುವೆ ಮನೆಯಲ್ಲಿ ಎಲೆ ಅಡಿಕೆ ಹಂಚುವ ಗತ್ತಿನಲ್ಲಿ ಹಂಚಿದರು. ಡಬ್ಬಿ ಖಾಲಿಯಾಯಿತು.

ಆ ಸಂಜೆ ದಿಬ್ಬದ ತುಂಬ ಹಳದಿ ಕೆಂಪು. ಹಿಡಿದವರಲ್ಲಿ ಹೆಚ್ಚಿನವರು ಕರ್ನಾಟಕ ಎಲ್ಲಿದೆಯೆಂದು ಬಲ್ಲವರಲ್ಲ. ಡ್ರಮ್ ಮತ್ತೆ ಶುರುವಾಯಿತು. ಗಾಜಿನ ಕೋಣೆಯಲ್ಲಿ ಕೂತಿದ್ದ ಮಾಲೀಕ ಎದ್ದು ನಿಂತು ನೋಡಿದ, ಆಮೇಲೆ ಪರದೆ ಎಳೆಸಿದ. ಮ್ಯಾಚ್ ಯಾರು ಗೆದ್ದರೋ ನನಗೆ ನೆನಪಿಲ್ಲ. ನಾವಂತೂ ಗೆದ್ದೆವು. ಆ ಸೀಸನ್ ಪೂರ್ತಿ ಪ್ರತಿ ಶನಿವಾರ ಹೀಗೆಯೇ ಗೆದ್ದೆವು.

ಹೆಸರು ಮಾತ್ರ ವಾಪಸ್ ಬರಲಿಲ್ಲ. ಮರುವರ್ಷ ಅವನು ಕ್ಲಬ್ಬನ್ನೇ ಬೇರೆ ಊರಿಗೆ ಎತ್ತಿಕೊಂಡು ಹೋದ. ಅಲ್ಲಿ ಅದು ಮುಚ್ಚಿಯೂ ಹೋಯಿತಂತೆ. ದಿಬ್ಬವನ್ನು ಸಮ ಮಾಡಿ ಅಪಾರ್ಟ್‌ಮೆಂಟ್ ಕಟ್ಟಿದ್ದಾರೆ. ನಾನೀಗ ಅಲ್ಲಿಂದ ಮೂರು ತಾಸು ದೂರದ ರೌಂಡ್ ರಾಕ್‌ನಲ್ಲಿದ್ದೇನೆ. ನನ್ನ ಮಗ ಕಡಲಾಚೆಯ ಯಾವುದೋ ಕ್ಲಬ್ಬಿನ ಜೆರ್ಸಿ ಹಾಕಿ ಟಿವಿ ಮುಂದೆ ಕೂರುತ್ತಾನೆ. ಅವನಿಗೆ ಆಟಗಾರರೆಲ್ಲ ಗೊತ್ತು, ಪಕ್ಕದ ಮನೆಯವರು ಗೊತ್ತಿಲ್ಲ. ಅವನಿಗೆ ಉರುಳಲು ಒಂದು ದಿಬ್ಬವಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಕ್ಲಬ್ಬು ಹೋದ ಮೇಲೆ ಬಾವುಟಗಳೆಲ್ಲ ಡಬ್ಬಿಗೆ ಮರಳಿದವು, ಒಂದನ್ನು ಬಿಟ್ಟು. ರಾಮೋನ್ ಅಂಕಲ್ ಕೊಡಲಿಲ್ಲ. ಪ್ರತಿ ನವೆಂಬರಿನಲ್ಲಿ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಹಾಲಿನಲ್ಲಿ ನಡೆಯುವ ನಮ್ಮ ರಾಜ್ಯೋತ್ಸವಕ್ಕೆ ಅದನ್ನು ಹೊದ್ದುಕೊಂಡೇ ಬಂದು ಹಿಂದಿನ ಸಾಲಿನಲ್ಲಿ ನಿಲ್ಲುವರು. ವಾಪಸ್ ಯಾವಾಗ ಕೊಡ್ತೀರಿ ಎಂದು ಅವ್ವ ರೇಗಿಸಿದರೆ, ಸೀಸನ್ ಮುಗಿಯಲಿ, ಎನ್ನುವರು.

ಕಳೆದ ಸಲ ಹೊದ್ದಿರಲಿಲ್ಲ. ಒಗೆದು, ಇಸ್ತ್ರಿ ಮಾಡಿ, ಮಡಚಿ ತಂದಿದ್ದರು. ಹಳದಿ ಮಾಸಿ ಬಿಳಿಚಿತ್ತು. ಮನೆ ಮಾರಿ ಹ್ಯೂಸ್ಟನ್ನಿಗೆ ಮಗಳ ಹತ್ತಿರ ಹೊರಟಿದ್ದೇನೆ, ಇನ್ನು ಬರುವುದಾಗಲಿಕ್ಕಿಲ್ಲ, ಎಂದು ಅದನ್ನು ಅವ್ವನ ಕೈಗೆ ಕೊಟ್ಟರು.

ಅವ್ವನಿಗೆ ಈಗ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಆದರೂ ನನ್ನ ಕಡೆ ತಿರುಗಿದಳು. ಬಾವುಟ ಬಿಚ್ಚಿ ಅವರ ಹೆಗಲ ಮೇಲೆ ಹಾಕುತ್ತ, "ಹೇಳ ಅವರಿಗೆ," ಎಂದಳು. "ಸೀಸನ್ ಇನ್ನೂ ಮುಗಿದಿಲ್ಲ ಅಂತ ಹೇಳು."

ನಾನು ಹೇಳಿದೆ. ಈ ಸಲ ದನಿ ನಡುಗಿತು.